ಪ್ರಯಾಣದ ಪೇಚಾಟ, ಉಪಕರಣಗಳ ಹಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಯಾಣದ ನಡುವೆ ಕೈಕೊಟ್ಟ ಉಪಕರಣಗಳ ಬಗ್ಗೆ ಬರೆಯುವಂತೆ ಓದುಗರನ್ನು ಕೇಳಿಕೊಂಡಿದ್ದೆವು. ಬಂದ ಪತ್ರಗಳಲ್ಲಿ ದೂರುಗಳೇ ಹೆಚ್ಚಾಗಿದ್ದವಾದರೂ ಬಹುತೇಕ ದೂರುಗಳ ಹಿಂದೆ ಒಳ್ಳೆಯ ಪ್ರಶ್ನೆಯೊಂದು ಅಡಗಿತ್ತು. ಒಂದೇ ಬಗೆಯವನ್ನು ಸೇರಿಸಿ, ಉದ್ದವಾದವನ್ನು ಮೊಟಕುಗೊಳಿಸಿ, ಎಂಟು ಪತ್ರಗಳನ್ನು ಇಲ್ಲಿ ಎತ್ತಿಕೊಂಡಿದ್ದೇನೆ.

ಪ್ರಶ್ನೆ: ವಿಮಾನ ನಿಲ್ದಾಣದಲ್ಲಿ ಚೆಕ್-ಇನ್ ಮಾಡಿದ್ದ ನನ್ನ ಪೆಟ್ಟಿಗೆಯನ್ನು ತೆರೆಸಿ ಪವರ್ ಬ್ಯಾಂಕನ್ನು ಹೊರಗೆ ತೆಗೆಸಿದರು, ಕೈಚೀಲದಲ್ಲಿ ಒಯ್ಯಬಹುದು ಎಂದರು. ಬೆಂಕಿ ಹೊತ್ತಿಕೊಳ್ಳುವ ವಸ್ತುವೇ ಆಗಿದ್ದರೆ ಅದನ್ನು ಜನರ ನಡುವೆ ಇಡುವುದು ಹೆಚ್ಚು ಅಪಾಯವಲ್ಲವೇ? ಇನ್ನೊಂದು ಸಂಶಯ: ಅದರ ಮೇಲೆ 20,000 ಎಂದು ಬರೆದಿದೆ, ನನ್ನ ಫೋನಿನ ಬ್ಯಾಟರಿ 5,000. ನಾಲ್ಕು ಸಲ ತುಂಬಬೇಕಾದದ್ದು ಎರಡೂವರೆ ಸಲಕ್ಕೇ ಬರಿದಾಗುತ್ತದೆ. ನಾನು ಮೋಸ ಹೋದೆನೇ?

ಉತ್ತರ: ನಿಮ್ಮ ತರ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಇದೆ. ಆದರೆ ಈ ನಿಯಮವನ್ನು ಮಾಡಿದವರು ನೋಡಿದ್ದು ಬೆಂಕಿ ಎಲ್ಲಿ ಹೊತ್ತುತ್ತದೆ ಎಂಬುದಕ್ಕಿಂತ, ಅದು ಯಾರ ಕಣ್ಣಿಗೆ ಎಷ್ಟು ಬೇಗ ಬೀಳುತ್ತದೆ ಎಂಬುದನ್ನು. ಲಿಥಿಯಂ ಬ್ಯಾಟರಿಯ ಒಂದು ಕೋಶ ಕೆಟ್ಟು ಬಿಸಿಯೇರತೊಡಗಿದರೆ ಆ ಬಿಸಿ ಪಕ್ಕದ ಕೋಶವನ್ನೂ ಕೆಡಿಸುತ್ತದೆ, ಹೊರಗಿನಿಂದ ಯಾವ ಪ್ರೇರಣೆಯೂ ಇಲ್ಲದೆ ತಾನೇ ತಾನಾಗಿ ಏರುತ್ತ ಹೋಗುತ್ತದೆ. ವಿಮಾನದ ಸರಕಿನ ಅಂಕಣದಲ್ಲಿ ಬೆಂಕಿ ಆರಿಸಲು ಬಳಸುವ ಹ್ಯಾಲಾನ್ ಅನಿಲ ಜ್ವಾಲೆಯನ್ನು ಅಡಗಿಸಬಲ್ಲದೇ ಹೊರತು ಬ್ಯಾಟರಿಯ ಒಳಗಿನ ಆ ಕ್ರಿಯೆಯನ್ನು ನಿಲ್ಲಿಸಲಾರದು. ಅದೇ ಘಟನೆ ಪ್ರಯಾಣಿಕರ ನಡುವೆ ನಡೆದರೆ ಹೊಗೆ ಕಂಡ ಕೂಡಲೇ ಸಿಬ್ಬಂದಿ ಧಾವಿಸಿ, ನೀರು ಸುರಿದು ಬ್ಯಾಟರಿಯನ್ನು ತಣಿಸಬಹುದು. ಬಿಡಿ ಲಿಥಿಯಂ ಬ್ಯಾಟರಿಗಳನ್ನೂ ಪವರ್ ಬ್ಯಾಂಕುಗಳನ್ನೂ ಕೈಚೀಲದಲ್ಲಿಯೇ ಒಯ್ಯಬೇಕು ಎಂಬ ನಿಯಮ ಎಲ್ಲ ದೇಶಗಳ ವಿಮಾನಯಾನದಲ್ಲಿಯೂ ಇರುವುದು ಇದರಿಂದಾಗಿ. ಅದೇ ಕಾರಣಕ್ಕೆ ಪವರ್ ಬ್ಯಾಂಕನ್ನು ಆಸನದ ಮೇಲಿನ ಕಪಾಟಿನಲ್ಲಿ ಬಟ್ಟೆಗಳ ಅಡಿಗೆ ತುರುಕುವುದಕ್ಕಿಂತ ಕಣ್ಣಿಗೆ ಕಾಣುವಂತೆ ಹತ್ತಿರ ಇಟ್ಟುಕೊಳ್ಳುವುದು ಮೇಲು. ವಿಮಾನದಲ್ಲಿ ಅದರಿಂದ ಚಾರ್ಜ್ ಮಾಡುವುದನ್ನೇ ನಿಷೇಧಿಸಿರುವ ವಿಮಾನ ಸಂಸ್ಥೆಗಳೂ ಇರುವುದರಿಂದ ಹೊರಡುವ ಮುನ್ನ ನಿಮ್ಮ ಸಂಸ್ಥೆಯ ನಿಯಮವನ್ನು ಒಮ್ಮೆ ಓದಿಕೊಳ್ಳಿ.

ಎರಡನೆಯ ಸಂಶಯಕ್ಕೆ ಬರೋಣ. ನೀವು ಮೋಸ ಹೋಗಿಲ್ಲ, ಆದರೆ ದೊಡ್ಡ ಅಕ್ಷರದಲ್ಲಿ ಅಚ್ಚಾದ ಸಂಖ್ಯೆಯನ್ನು ನಂಬಿದ್ದೀರಿ. 20,000 ಎಂಬುದು ಒಳಗಿನ ಕೋಶಗಳ ಮಿಲಿ ಆಂಪಿಯರ್-ಅವರ್, ಅದೂ ಆ ಕೋಶಗಳ 3.7 ವೋಲ್ಟ್‌ನ ಲೆಕ್ಕದಲ್ಲಿ. ಅದನ್ನು ಶಕ್ತಿಯ ಲೆಕ್ಕಕ್ಕೆ ತಂದರೆ 74 ವ್ಯಾಟ್-ಅವರ್ ಆಗುತ್ತದೆ. ನಿಮ್ಮ ಫೋನಿನ ಬ್ಯಾಟರಿಯಲ್ಲಿ ಹಿಡಿಯುವುದು ಸುಮಾರು 19 ವ್ಯಾಟ್-ಅವರ್. ಹಾಗಾಗಿ ಒಂದು ಹನಿಯೂ ಸೋರದಿದ್ದರೂ ನಾಲ್ಕು ಸಲ ತುಂಬುವುದಿಲ್ಲ. ಇನ್ನು, ಕೋಶಗಳ ವೋಲ್ಟೇಜನ್ನು 5 ಅಥವಾ 9 ವೋಲ್ಟ್‌ಗೆ ಏರಿಸುವಾಗ, ಕೇಬಲ್ಲಿನಲ್ಲಿ ಹರಿಯುವಾಗ, ಫೋನಿನೊಳಗೆ ಮತ್ತೆ ಇಳಿಸುವಾಗ ಪ್ರತಿ ಹಂತದಲ್ಲಿಯೂ ಒಂದಿಷ್ಟು ಶಕ್ತಿ ಬಿಸಿಯಾಗಿ ಕಳೆದುಹೋಗುತ್ತದೆ; ಚಾರ್ಜ್ ಆಗುತ್ತಿರುವಾಗ ನೀವು ವಿಡಿಯೊ ನೋಡುತ್ತ ಕುಳಿತಿದ್ದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಎರಡೂವರೆ ಸಲ ಎಂಬುದು ಪ್ರಾಮಾಣಿಕವಾದ ಫಲಿತಾಂಶವೇ. ಬಹಳಷ್ಟು ಪವರ್ ಬ್ಯಾಂಕುಗಳ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ‘ರೇಟೆಡ್ ಕೆಪ್ಯಾಸಿಟಿ’ (ಹೊರಗೆ ಸಿಗುವ ಸಾಮರ್ಥ್ಯ) ಎಂಬ ಇನ್ನೊಂದು ಸಂಖ್ಯೆ ಇರುತ್ತದೆ, ಕೊಳ್ಳುವಾಗ ನೋಡಬೇಕಾದದ್ದು ಅದು.

ವ್ಯಾಟ್-ಅವರ್ ಸಂಖ್ಯೆಯನ್ನು ನೆನಪಿಟ್ಟುಕೊಳ್ಳಿ, ಏಕೆಂದರೆ ವಿಮಾನದ ನಿಯಮಗಳೂ ಅದನ್ನೇ ಅಳೆಯುತ್ತವೆ. ಅನುಮತಿ ಕೇಳದೆ ಒಯ್ಯಬಹುದಾದದ್ದು 100 ವ್ಯಾಟ್-ಅವರ್ ವರೆಗೆ, ಅಂದರೆ ಸುಮಾರು 27,000 ಮಿಲಿ ಆಂಪಿಯರ್-ಅವರ್ ವರೆಗೆ. 100ರಿಂದ 160ರ ವರೆಗಿನದಕ್ಕೆ ಸಂಸ್ಥೆಯ ಅನುಮತಿ ಬೇಕು. ಅದಕ್ಕಿಂತ ಹೆಚ್ಚಿನದನ್ನು ಪ್ರಯಾಣಿಕರು ಒಯ್ಯುವಂತೆಯೇ ಇಲ್ಲ. ಅಕ್ಷರಗಳು ಅಳಿಸಿಹೋದ ಹಳೆಯ ಪವರ್ ಬ್ಯಾಂಕನ್ನು ತಪಾಸಣೆಯವರು ಕಿತ್ತುಕೊಂಡರೆ ವಾದಿಸಿ ಫಲವಿಲ್ಲ, ಉಬ್ಬಿಕೊಂಡದ್ದನ್ನಂತೂ ಮನೆಯಿಂದ ಹೊರಗೇ ಒಯ್ಯಬೇಡಿ. ನನ್ನನ್ನು ಕೇಳಿದರೆ 20,000ದ ಒಂದರ ಬದಲು 10,000ದ ಎರಡನ್ನು ಇಟ್ಟುಕೊಳ್ಳುವುದು ವಾಸಿ. ಒಟ್ಟು ತೂಕ ಸ್ವಲ್ಪ ಹೆಚ್ಚಾಗುತ್ತದೆ, ನಿಜ. ಆದರೆ ಒಂದು ಕೆಟ್ಟರೆ ಇನ್ನೊಂದು ಇರುತ್ತದೆ, ದಿನದ ಸುತ್ತಾಟಕ್ಕೆ ಒಂದನ್ನು ಮಾತ್ರ ಜೇಬಿಗೆ ಹಾಕಿಕೊಂಡು ಹೋಗಬಹುದು.

ಪ್ರಶ್ನೆ: ಬೆಟ್ಟದ ದಾರಿಯಲ್ಲಿ ನೆಟ್‌ವರ್ಕ್ ಹೋಯಿತು. ಫೋನಿನ ನಕ್ಷೆ ಬರಿದಾಯಿತು, ಆದರೆ ನಾವಿರುವ ಜಾಗವನ್ನು ತೋರಿಸುವ ನೀಲಿ ಚುಕ್ಕೆ ಮಾತ್ರ ಆ ಖಾಲಿ ಪರದೆಯ ಮೇಲೆ ಸಲೀಸಾಗಿ ಚಲಿಸುತ್ತಿತ್ತು! ಅದೇ ಚುಕ್ಕೆ ನಗರದ ನಡುವೆ, ನೆಟ್‌ವರ್ಕ್ ಚೆನ್ನಾಗಿರುವಲ್ಲಿ, ಪಕ್ಕದ ಬೀದಿಗೆ ಹಾರುತ್ತದೆ. ಇದು ಯಾವ ನ್ಯಾಯ?

ಉತ್ತರ: ನೀಲಿ ಚುಕ್ಕೆಗೂ ಅದರ ಕೆಳಗಿನ ನಕ್ಷೆಗೂ ಸಂಬಂಧವೇ ಇಲ್ಲ, ಎರಡೂ ಬೇರೆ ಬೇರೆ ದಾರಿಯಿಂದ ಫೋನಿಗೆ ಬರುತ್ತವೆ. ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತ ತಮ್ಮ ಸ್ಥಾನವನ್ನೂ ನಿಖರವಾದ ಸಮಯವನ್ನೂ ಸಾರುತ್ತಿರುತ್ತವೆ. ಫೋನು ರೇಡಿಯೊ ಕೇಳುಗನಂತೆ ಅದನ್ನು ಕೇಳಿಸಿಕೊಳ್ಳುತ್ತದೆಯೇ ಹೊರತು ಅವಕ್ಕೆ ಏನನ್ನೂ ಹೇಳುವುದಿಲ್ಲ. ಕನಿಷ್ಠ ನಾಲ್ಕು ಉಪಗ್ರಹಗಳ ದನಿ ಕೇಳಿಸಿದರೆ, ಸಂಕೇತಗಳು ಬಂದು ತಲುಪಿದ ಹೊತ್ತಿನ ವ್ಯತ್ಯಾಸದಿಂದ ತಾನೆಲ್ಲಿದ್ದೇನೆಂದು ಅದು ಲೆಕ್ಕ ಹಾಕುತ್ತದೆ. ಇದಕ್ಕೆ ಸಿಮ್ ಕಾರ್ಡೂ ಬೇಡ, ಇಂಟರ್‌ನೆಟ್ಟೂ ಬೇಡ. ನಕ್ಷೆಯ ಚಿತ್ರವಾದರೋ ದೂರದ ಸರ್ವರಿನಿಂದ ತುಂಡುತುಂಡಾಗಿ ಇಳಿದು ಬರಬೇಕಾದದ್ದು. ನಿಮ್ಮ ಫೋನಿಗೆ ನೀವಿರುವ ಜಾಗದ ಅಕ್ಷಾಂಶ ರೇಖಾಂಶಗಳು ಚೆನ್ನಾಗಿಯೇ ಗೊತ್ತಿದ್ದವು. ಅಲ್ಲಿ ರಸ್ತೆಯಿದೆಯೋ ಕೆರೆಯಿದೆಯೋ ಎಂಬುದು ಮಾತ್ರ ಗೊತ್ತಿರಲಿಲ್ಲ.

ನೆಟ್‌ವರ್ಕ್ ಇಲ್ಲದಿರುವಾಗ ಚುಕ್ಕೆ ಮೂಡುವುದೂ ತಡವಾಗುವುದುಂಟು. ಉಪಗ್ರಹ ತನ್ನ ಮಾಹಿತಿಯನ್ನು ಸೆಕೆಂಡಿಗೆ 50 ಬಿಟ್‌ಗಳ ಆಮೆಯ ವೇಗದಲ್ಲಿ ಕಳಿಸುತ್ತದೆ. ತನ್ನದೇ ಕಕ್ಷೆಯ ವಿವರವನ್ನು ಒಂದು ಸಲ ಹೇಳಿ ಮುಗಿಸಲು ಅದಕ್ಕೆ 30 ಸೆಕೆಂಡು ಬೇಕು. ಎಲ್ಲ ಉಪಗ್ರಹಗಳ ಪಟ್ಟಿಯನ್ನು ಹೇಳಿ ಮುಗಿಸಲು ಹನ್ನೆರಡೂವರೆ ನಿಮಿಷ. ನೆಟ್‌ವರ್ಕ್ ಇರುವಲ್ಲಿ ಫೋನು ಇದನ್ನೆಲ್ಲ ಇಂಟರ್‌ನೆಟ್ಟಿನಿಂದ ಕ್ಷಣದಲ್ಲಿ ತರಿಸಿಕೊಳ್ಳುತ್ತದೆ. ದೂರದ ಊರಿನಲ್ಲಿ ವಿಮಾನದಿಂದಿಳಿದು, ಸಿಮ್ ಕೆಲಸ ಮಾಡದಿರುವಾಗ ಚುಕ್ಕೆ ಕಾಣಿಸದಿದ್ದರೆ, ಬಯಲಿಗೆ ಬಂದು ಕೆಲವು ನಿಮಿಷ ನಿಲ್ಲಿ. ಫೋನನ್ನು ಆರಿಸಿ ಹೊತ್ತಿಸುವುದರಿಂದ ಪ್ರಯೋಜನವಿಲ್ಲ.

ನಗರದಲ್ಲಿ ಚುಕ್ಕೆ ಹಾರುವುದಕ್ಕೆ ಕಾರಣ ಕಟ್ಟಡಗಳು. ಸಂಕೇತವು ಗೋಡೆಗೆ ಬಡಿದು, ತಿರುಗಿ, ಸುತ್ತುಬಳಸಿನ ದಾರಿಯಲ್ಲಿ ಫೋನನ್ನು ತಲುಪಿದಾಗ ಫೋನು ಆ ವಿಳಂಬವನ್ನು ಹೆಚ್ಚುವರಿ ದೂರವೆಂದು ತಿಳಿಯುತ್ತದೆ. ಬೆಳಕಿನ ವೇಗದಲ್ಲಿ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲೆಂದರೆ 300 ಮೀಟರ್. ಅದರ ಹತ್ತನೆಯ ಒಂದು ಪಾಲಿನ ತಪ್ಪು ಸಾಕು, ನೀವು ಪಕ್ಕದ ಬೀದಿಯಲ್ಲಿರುತ್ತೀರಿ. ಎರಡು ಆವರ್ತನಗಳನ್ನು ಕೇಳಿಸಿಕೊಳ್ಳುವ ಹೊಸ ಫೋನುಗಳಲ್ಲಿ ಈ ತೊಂದರೆ ಕಡಿಮೆಯಾಗಿದೆ, ಇಲ್ಲವಾಗಿಲ್ಲ.

ಪರಿಹಾರ ನಿಮಗೆ ಗೊತ್ತಿರುವುದೇ: ಹೋಗುವ ಪ್ರದೇಶದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಿ. ಆದರೆ ಇಳಿಸಿಟ್ಟ ನಕ್ಷೆಗೆ ನಿನ್ನೆ ಕುಸಿದ ಸೇತುವೆಯ ಸುದ್ದಿ ಗೊತ್ತಿರುವುದಿಲ್ಲ, ಈ ಹೊತ್ತಿನ ವಾಹನ ದಟ್ಟಣೆಯೂ ತಿಳಿದಿರುವುದಿಲ್ಲ. ಕೆಲವು ಆ್ಯಪ್‌ಗಳಲ್ಲಿ ಕಾರಿನ ದಾರಿ ಸಿಕ್ಕರೂ ನಡೆದು ಹೋಗುವ ದಾರಿ ಸಿಗುವುದಿಲ್ಲ. ಹಾಗಾಗಿ ನೆಟ್‌ವರ್ಕ್ ಇರುವ ಕೊನೆಯ ಊರಿನಲ್ಲಿ ನಿಂತು ದಾರಿಯನ್ನು ಮತ್ತೊಮ್ಮೆ ನೋಡಿಕೊಂಡು ಮುಂದೆ ಹೋಗುವುದು ನನ್ನ ರೂಢಿ. ಆಮೇಲೆ ಫೋನನ್ನು ಏರ್‌ಪ್ಲೇನ್ ಮೋಡ್‌ಗೆ ಹಾಕಿಬಿಡುತ್ತೇನೆ. ಸಿಗ್ನಲ್ ಕ್ಷೀಣವಾದಷ್ಟೂ ಫೋನು ಹೆಚ್ಚು ಬಲದಿಂದ ಟವರನ್ನು ಹುಡುಕಿ ಬ್ಯಾಟರಿಯನ್ನು ತಿನ್ನುತ್ತದೆ, ಏರ್‌ಪ್ಲೇನ್ ಮೋಡ್‌ನಲ್ಲಿ ಆ ಹುಡುಕಾಟ ನಿಲ್ಲುತ್ತದೆ. ಈಗಿನ ಬಹುತೇಕ ಫೋನುಗಳಲ್ಲಿ ಜಿಪಿಎಸ್ ಆಗಲೂ ಕೆಲಸ ಮಾಡುತ್ತಲೇ ಇರುತ್ತದೆ. ತುರ್ತು ಕರೆ ಬರಬಹುದೆಂಬ ಚಿಂತೆಯಿರುವವರಿಗೆ ಇದು ಒಗ್ಗದು ಎಂಬುದನ್ನೂ ಹೇಳಿಬಿಡಬೇಕು.

ಪ್ರಶ್ನೆ: ಹಿಂದಿರುಗುವ ವಿಮಾನ ಬೆಳಿಗ್ಗೆ 6:40ಕ್ಕೆ ಎಂದು ಮನೆಯಲ್ಲಿಯೇ ಫೋನಿನ ಕ್ಯಾಲೆಂಡರಿಗೆ ಹಾಕಿಕೊಂಡಿದ್ದೆ. ಪರದೇಶದಲ್ಲಿ ಇಳಿದು ನೋಡಿದರೆ 3:10 ಎಂದು ತೋರಿಸುತ್ತಿದೆ. ಯಾವುದನ್ನು ನಂಬಲಿ?

ಉತ್ತರ: ಟಿಕೆಟ್ಟನ್ನು ನಂಬಿ. ಟಿಕೆಟ್ಟಿನಲ್ಲಿ ಅಚ್ಚಾಗುವ ಸಮಯ ಯಾವಾಗಲೂ ಆಯಾ ನಿಲ್ದಾಣದ ಸ್ಥಳೀಯ ಸಮಯ; ಹೊರಡುವುದಕ್ಕೆ ಹೊರಡುವ ಊರಿನದು, ತಲುಪುವುದಕ್ಕೆ ತಲುಪುವ ಊರಿನದು. ನೀವು ಮನೆಯಲ್ಲಿ 6:40 ಎಂದು ಬರೆದಾಗ ಕ್ಯಾಲೆಂಡರು ಅದನ್ನು ನಿಮ್ಮ ಮನೆಯ ಗಡಿಯಾರದ 6:40 ಎಂದು ತಿಳಿದು ವಿಶ್ವಸಮಯಕ್ಕೆ ಬದಲಿಸಿಟ್ಟುಕೊಂಡಿತು, ಮೂರೂವರೆ ಗಂಟೆ ಹಿಂದಿರುವ ದೇಶಕ್ಕೆ ಹೋದಾಗ ವಿಧೇಯತೆಯಿಂದ 3:10 ಎಂದು ತೋರಿಸಿತು. ನಿಮ್ಮದು ಅದೃಷ್ಟದ ತಪ್ಪು, ಬೇಗ ಎದ್ದು ಕಾಯುತ್ತಿದ್ದಿರಿ. ಮುಂದಿರುವ ದೇಶಕ್ಕೆ ಹೋಗಿದ್ದರೆ ವಿಮಾನವೇ ತಪ್ಪುತ್ತಿತ್ತು. ಘಟನೆಯನ್ನು ಬರೆಯುವಾಗ ‘ಟೈಮ್ ಝೋನ್’ ಎಂಬ ಜಾಗದಲ್ಲಿ ಹೊರಡುವ ಊರನ್ನು ಆರಿಸಿದರೆ ಈ ಗೊಂದಲವಿರದು. ಭೂಮಿಯ ಮೇಲಿನ ಗಡಿಯಾರಗಳು ವಿಶ್ವಸಮಯಕ್ಕಿಂತ 12 ಗಂಟೆ ಹಿಂದಿನಿಂದ 14 ಗಂಟೆ ಮುಂದಿನವರೆಗೆ ಹರಡಿಕೊಂಡಿರುವುದರಿಂದ ತಾರೀಖೂ ಬದಲಾಗಬಹುದು. ತಲುಪುವ ಸಮಯದ ಪಕ್ಕದಲ್ಲಿ ಸಣ್ಣದಾಗಿ +1 ಎಂದಿದ್ದರೆ ಮರುದಿನ ಎಂದರ್ಥ. ನಾನಂತೂ ಘಟನೆಯ ಶೀರ್ಷಿಕೆಯಲ್ಲಿಯೇ ‘ಸ್ಥಳೀಯ 6:40’ ಎಂದು ಬರೆದುಬಿಡುತ್ತೇನೆ, ಅಕ್ಷರಗಳನ್ನು ಯಾವ ಆ್ಯಪ್ಪೂ ತಿದ್ದುವುದಿಲ್ಲ.

ಪ್ರಶ್ನೆ: ಪ್ರವಾಸದ ಮೂರನೆಯ ದಿನ ನನ್ನ ಫೋನು ನೀರಿಗೆ ಬಿತ್ತು. ಟಿಕೆಟ್ಟು, ಉಳಿಯುವ ಜಾಗದ ವಿಳಾಸ, ಬ್ಯಾಂಕು, ಒಟಿಪಿ ಎಲ್ಲವೂ ಅದರಲ್ಲಿಯೇ ಇದ್ದವು. ಮನೆಯವರ ಒಂದು ಫೋನ್ ನಂಬರು ಕೂಡ ನೆನಪಿರಲಿಲ್ಲ ಎಂದು ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಮತ್ತೆ ಕಾಗದಕ್ಕೆ ಹಿಂದಿರುಗಬೇಕೇ? ಫೋನಿನೊಳಗೇ ಅಡಕವಾಗಿರುವ ಇ-ಸಿಮ್ ಇದ್ದಿದ್ದರೆ ಅನುಕೂಲವಾಗುತ್ತಿತ್ತೇ?

ಉತ್ತರ: ನಾಚಿಕೆಪಡಬೇಡಿ, ನನಗೂ ಎರಡೇ ನಂಬರುಗಳು ನೆನಪಿರುವುದು, ಅದರಲ್ಲಿ ಒಂದು ನನ್ನದೇ.

ಮೊದಲು ನೀವು ಕಳೆದುಕೊಳ್ಳದಿದ್ದದ್ದನ್ನು ಹೇಳುತ್ತೇನೆ. ನಿಮ್ಮ ವಿಮಾನದ ಟಿಕೆಟ್ಟು ಫೋನಿನಲ್ಲಿ ಇರಲೇ ಇಲ್ಲ. ಅಂತರರಾಷ್ಟ್ರೀಯ ವಾಯು ಸಾರಿಗೆ ಸಂಘದ ಸದಸ್ಯ ಸಂಸ್ಥೆಗಳು 2008ರ ಜೂನ್ 1ರಿಂದ ಇ-ಟಿಕೆಟ್‌ಗೆ ಪೂರ್ತಿಯಾಗಿ ಬದಲಾದವು. ಅಂದಿನಿಂದ ಟಿಕೆಟ್ಟೆಂದರೆ ಸಂಸ್ಥೆಯ ಕಂಪ್ಯೂಟರಿನಲ್ಲಿರುವ ಒಂದು ದಾಖಲೆ. ನಿಮ್ಮ ಕೈಯಲ್ಲಿರುವುದು, ಕಾಗದವಾಗಿರಲಿ ಚಿತ್ರವಾಗಿರಲಿ, ಅದರ ನಕಲು ಮಾತ್ರ. ಪಾಸ್‌ಪೋರ್ಟನ್ನೂ ಆರು ಅಕ್ಷರಗಳ ಬುಕಿಂಗ್ ಸಂಖ್ಯೆಯನ್ನೂ ಕೊಟ್ಟರೆ ಕೌಂಟರಿನಲ್ಲಿ ಬೋರ್ಡಿಂಗ್ ಪಾಸನ್ನು ಹೊಸದಾಗಿ ಅಚ್ಚು ಹಾಕಿಕೊಡುತ್ತಾರೆ. ಕೆಲವೆಡೆ ಅದಕ್ಕೆ ಶುಲ್ಕ ಕೇಳುವುದೂ ಉಂಟು. ಆದ್ದರಿಂದ ಕಾಗದದಲ್ಲಿ ಇಡಬೇಕಾದದ್ದು ಟಿಕೆಟ್ಟಿನ ನಾಲ್ಕು ಪುಟಗಳನ್ನಲ್ಲ, ಆ ಆರು ಅಕ್ಷರಗಳನ್ನು.

ನಿಜವಾಗಿ ಕಳೆದುಹೋದದ್ದು ‘ನಾನೇ ನಾನು’ ಎಂದು ದೂರದಿಂದ ತೋರಿಸಿಕೊಳ್ಳುವ ಸಾಮರ್ಥ್ಯ. ಬ್ಯಾಂಕು ಒಟಿಪಿಯನ್ನು ನಿಮ್ಮ ಸಂಖ್ಯೆಗೆ ಕಳಿಸುತ್ತದೆ, ಸಂಖ್ಯೆಯಿರುವುದು ಸಿಮ್‌ನಲ್ಲಿ, ಸಿಮ್ ಇರುವುದು ನೀರು ಕುಡಿದ ಫೋನಿನಲ್ಲಿ. ನಿಮ್ಮದು ಪ್ಲಾಸ್ಟಿಕ್ ಸಿಮ್ ಆಗಿದ್ದರೆ ಅದನ್ನು ತೆಗೆದು, ಒರೆಸಿ, ಬೇರೊಂದು ಫೋನಿಗೆ ಹಾಕಿಕೊಂಡರೆ ಆ ಸಾಮರ್ಥ್ಯ ಹತ್ತು ನಿಮಿಷದಲ್ಲಿ ಮರಳುತ್ತಿತ್ತು. ಇ-ಸಿಮ್ ಆಗಿದ್ದರೆ ಹಾಗೆ ಕಿತ್ತು ತೆಗೆಯಲು ಏನೂ ಇರುವುದಿಲ್ಲ. ಕಂಪನಿಯಿಂದ ಮತ್ತೆ ಪಡೆಯಬೇಕು, ಪಡೆಯುವಾಗ ಗುರುತು ದೃಢಪಡಿಸಲು ಹಲವು ಸಲ ಅದೇ ಸಂಖ್ಯೆಗೆ ಒಟಿಪಿ ಕಳಿಸುತ್ತಾರೆ! ಆದರೆ ಫೋನು ಕಳುವಾದಾಗ ಲೆಕ್ಕ ತಿರುಗುಮುರುಗಾಗುತ್ತದೆ. ಪ್ಲಾಸ್ಟಿಕ್ ಸಿಮ್ಮನ್ನು ಕಳ್ಳ ತನ್ನ ಫೋನಿಗೆ ಹಾಕಿಕೊಂಡು ನಿಮ್ಮ ಒಟಿಪಿಗಳನ್ನೆಲ್ಲ ಓದಬಹುದು, ಇ-ಸಿಮ್‌ನಲ್ಲಿ ಅದು ಸಾಧ್ಯವಿಲ್ಲ.

ನನ್ನ ತೀರ್ಮಾನ ಹೀಗಿದೆ. ಬ್ಯಾಂಕಿಗೆ ಕೊಟ್ಟಿರುವ ಊರಿನ ಸಂಖ್ಯೆ ಪ್ಲಾಸ್ಟಿಕ್ ಸಿಮ್‌ನಲ್ಲಿರಲಿ, ಅದಕ್ಕೊಂದು ಸಿಮ್ ಪಿನ್ ಹಾಕಿಡಿ. ಆಗ ಬೇರೆ ಫೋನಿಗೆ ಹಾಕಿದರೂ ಪಿನ್ ಇಲ್ಲದೆ ತೆರೆಯುವುದಿಲ್ಲ. ಮೂರು ಸಲ ತಪ್ಪು ಪಿನ್ ಒತ್ತಿದರೆ ಪಿಯುಕೆ ಎಂಬ ಎಂಟಂಕಿಯ ಸಂಖ್ಯೆ ಬೇಕಾಗುವುದರಿಂದ ಅದನ್ನು ಮನೆಯವರ ಬಳಿ ಬರೆದಿಟ್ಟಿರಿ. ಪ್ರಯಾಣದ ಇಂಟರ್‌ನೆಟ್ಟಿಗೆ ಮಾತ್ರ ಇ-ಸಿಮ್ ಕೊಳ್ಳಿ. ಅದು ಹೋದರೆ ಹೋಗುವುದು ಒಂದು ವಾರದ ಡೇಟಾ ಅಷ್ಟೆ.

ಎಸ್‌ಎಮ್‌ಎಸ್ ಬದಲು ಅಥೆಂಟಿಕೇಟರ್ ಆ್ಯಪ್ ಬಳಸಬಹುದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಸೌಲಭ್ಯವಿರುವ ಕಡೆಯೆಲ್ಲ ಬಳಸಬಹುದು. ಸಾಮಾನ್ಯವಾಗಿ 30 ಸೆಕೆಂಡಿಗೊಮ್ಮೆ ಬದಲಾಗುವ ಆ ಆರಂಕಿಗಳು ಹೊರಗಿನಿಂದ ಬರುವಂಥವಲ್ಲ. ಮೊದಲೇ ಹಂಚಿಕೊಂಡ ಒಂದು ಗುಟ್ಟಿನ ಸಂಖ್ಯೆಯನ್ನೂ ಈಗಿನ ಸಮಯವನ್ನೂ ಬೆರೆಸಿ ಫೋನೇ ಲೆಕ್ಕ ಹಾಕುತ್ತದೆ. ಹಾಗಾಗಿ ರೋಮಿಂಗ್ ಇಲ್ಲದಿದ್ದರೂ, ಕಡಲ ನಡುವೆ ಇದ್ದರೂ ಅದು ಕೆಲಸ ಮಾಡುತ್ತದೆ. ಗಡಿಯಾರವನ್ನು ಕೈಯಾರೆ ತಿದ್ದಿ ಕೆಡಿಸಿದ್ದರೆ ಮಾತ್ರ ಸಂಖ್ಯೆಗಳು ಹೊಂದುವುದಿಲ್ಲ. ಆದರೆ ಗುಟ್ಟು ಇರುವುದೂ ಫೋನಿನಲ್ಲಿಯೇ, ಫೋನು ಮುಳುಗಿದರೆ ಅದೂ ಮುಳುಗುತ್ತದೆ. ಆ್ಯಪ್ಪನ್ನು ಜೋಡಿಸುವಾಗ ‘ಬ್ಯಾಕಪ್ ಕೋಡ್’ ಎಂದು ಕೆಲವು ಸಂಖ್ಯೆಗಳನ್ನು ಕೊಡುತ್ತಾರಲ್ಲ, ಆಮೇಲೆ ನೋಡೋಣ ಎಂದು ನಾವೆಲ್ಲ ಮುಚ್ಚಿಬಿಡುವ ಪುಟ, ಅದನ್ನು ಕಾಗದಕ್ಕೆ ಇಳಿಸಿ ಫೋನಿನಿಂದ ಬೇರೆಯಾದ ಚೀಲದಲ್ಲಿ ಇಡಿ.

ಒಂದು ಅಂಗೈಯಗಲದ ಕಾಗದ ಸಾಕು: ಬುಕಿಂಗ್ ಸಂಖ್ಯೆ, ಮೊದಲ ರಾತ್ರಿ ಉಳಿಯುವ ವಿಳಾಸ, ಮನೆಯ ಎರಡು ನಂಬರು, ಕಾರ್ಡು ತಡೆಹಿಡಿಸಲು ಬ್ಯಾಂಕಿನ ನಂಬರು. ಪಿನ್ನನ್ನೂ ಪಾಸ್‌ವರ್ಡನ್ನೂ ಅದೇ ಕಾಗದದಲ್ಲಿ ಬರೆಯಬೇಡಿ. ಮನೆಯಲ್ಲಿ ಹಳೆಯ ಫೋನೊಂದು ಬಿದ್ದಿದ್ದರೆ ಅದನ್ನು ಚಾರ್ಜ್ ಮಾಡಿ, ಆರಿಸಿ, ಕೈಚೀಲದ ಇನ್ನೊಂದು ಮೂಲೆಯಲ್ಲಿ ಒಯ್ಯಿರಿ.

ಬೋರ್ಡಿಂಗ್ ಪಾಸಿನ ಬಗ್ಗೆ ಒಂದು ಮಾತು. ಒಮ್ಮೆ ಸರದಿಯಲ್ಲಿ ನನ್ನ ಮುಂದೆ ಇಬ್ಬರು ಉಳಿದಿದ್ದಾಗ ವಿಮಾನ ಸಂಸ್ಥೆಯ ಆ್ಯಪ್ಪು ನನ್ನನ್ನು ಹೊರಹಾಕಿ ಮತ್ತೆ ಲಾಗಿನ್ ಆಗು ಎಂದಿತು. ಅಲ್ಲಿ ಸಿಗ್ನಲ್ ಇರಲಿಲ್ಲ. ಅಂದಿನಿಂದ ಪಾಸು ಬಂದ ಕೂಡಲೇ ಅದರ ಸ್ಕ್ರೀನ್‌ಶಾಟ್ ತೆಗೆದುಕೊಳ್ಳುತ್ತೇನೆ. ಯಂತ್ರ ಓದುವುದು ಆ ಕೋಡಿನ ಚೌಕವನ್ನು. ಅದು ಆ್ಯಪ್ಪಿನಲ್ಲಿದೆಯೋ ಚಿತ್ರದಲ್ಲಿದೆಯೋ ಎಂಬುದು ಸಾಮಾನ್ಯವಾಗಿ ಯಂತ್ರಕ್ಕೆ ಬೇಕಾಗಿಲ್ಲ. ಕ್ಷಣಕ್ಷಣಕ್ಕೂ ಬದಲಾಗುವ ಕೋಡಿರುವ ಕೆಲವು ಟಿಕೆಟ್ಟುಗಳು ಇದಕ್ಕೆ ಅಪವಾದ. ಪರದೆ ಸ್ವಲ್ಪ ಬಿರುಕು ಬಿಟ್ಟಿದ್ದರೂ ಚಿಂತೆಯಿಲ್ಲ, ಇಂಥ ಕೋಡುಗಳಲ್ಲಿ ಒಂದು ಪಾಲು ಹಾಳಾದರೂ ಉಳಿದದ್ದರಿಂದ ತಿದ್ದಿಕೊಳ್ಳುವ ವ್ಯವಸ್ಥೆಯಿದೆ. ಯಂತ್ರ ಓದದಿರುವುದಕ್ಕೆ ಪರದೆಯ ಬೆಳಕು ಕಡಿಮೆಯಿರುವುದೇ ಎಷ್ಟೋ ಸಲ ಕಾರಣವಾಗಿರುತ್ತದೆ.

ಪ್ರಶ್ನೆ: ದುಬಾರಿ ನಾಯ್ಸ್ ಕ್ಯಾನ್ಸಲಿಂಗ್ ಹೆಡ್‌ಫೋನ್ ಕೊಂಡೆ. ವಿಮಾನದ ಸದ್ದು ಮಾಯವಾಯಿತು, ಆದರೆ ಹಿಂದಿನ ಸಾಲಿನ ಮಗುವಿನ ಅಳು ಮೊದಲಿಗಿಂತ ಸ್ಪಷ್ಟವಾಗಿ ಕೇಳಿಸುತ್ತದೆ. ಕೆಟ್ಟಿದೆಯೇ?

ಉತ್ತರ: ಇಲ್ಲ, ತನ್ನ ಕೆಲಸವನ್ನು ಸರಿಯಾಗಿ ಮಾಡುತ್ತಿದೆ. ಹೊರಗಿನ ಸದ್ದಿನ ಅಲೆಯನ್ನು ಅಳೆದು ಅದಕ್ಕೆ ಸರಿಯಾಗಿ ವಿರುದ್ಧವಾದ ಅಲೆಯನ್ನು ಹುಟ್ಟಿಸಿ ಎರಡನ್ನೂ ಪರಸ್ಪರ ಕೊಲ್ಲಿಸುವುದು ಅದರ ಉಪಾಯ. ಎಂಜಿನ್ನಿನ ಮೊರೆತದಂಥ ತಗ್ಗಿನ, ಒಂದೇ ಸಮನಾದ ಸದ್ದಿನಲ್ಲಿ ಅಲೆಗಳು ಮೀಟರುಗಟ್ಟಲೆ ಉದ್ದವಿರುವುದರಿಂದ ಇದು ಸುಲಭ. ಅಳುವಿನಲ್ಲಿ ಸಾವಿರಾರು ಹರ್ಟ್ಸ್‌ಗಳವರೆಗಿನ ಚೂಪಾದ ಸ್ವರಗಳಿರುತ್ತವೆ. ಅಲೆ ಗಿಡ್ಡವಾದಷ್ಟೂ ಕಿಂಚಿತ್ ತಡವಾದರೂ ಲೆಕ್ಕ ತಪ್ಪುತ್ತದೆ. ಮೊರೆತದ ಮುಸುಕು ಸರಿದುಹೋದದ್ದರಿಂದ ಅಳು ಎದ್ದು ಕೇಳಿಸುತ್ತಿದೆ. ಚೂಪಾದ ಸದ್ದನ್ನು ತಡೆಯುವುದು ಕಿವಿಯನ್ನು ಬಿಗಿಯಾಗಿ ಮುಚ್ಚುವ ಮೆತ್ತೆ. ಒಳಗೆ ಸಾಧಾರಣ ಸ್ಪಂಜಿನ ಇಯರ್‌ಪ್ಲಗ್ ಹಾಕಿಕೊಂಡು ಮೇಲೆ ನಿಮ್ಮ ಹೆಡ್‌ಫೋನ್ ಧರಿಸಿ ನೋಡಿ, ನೋಡಲು ವಿಚಿತ್ರವಾಗಿರುತ್ತದೆ, ನಿದ್ದೆ ಬರುತ್ತದೆ.

ಪ್ರಶ್ನೆ: ನನ್ನ ವಿದ್ಯುತ್ ಕಾರು ನಗರದೊಳಗೆ 400 ಕಿಲೋಮೀಟರ್ ಓಡುತ್ತದೆ, ಹೆದ್ದಾರಿಯಲ್ಲಿ 300 ದಾಟುವುದು ಕಷ್ಟ. ಪೆಟ್ರೋಲ್ ಕಾರಿನಲ್ಲಿ ಇದು ಉಲ್ಟಾ ಆಗಿತ್ತು. ಚಾರ್ಜಿಂಗ್ ಕೇಂದ್ರದಲ್ಲಿ ಮೊದಲ ಅರ್ಧ ಬೇಗ ತುಂಬಿ, ಕೊನೆಯ ಸ್ವಲ್ಪಕ್ಕೆ ಅಷ್ಟೇ ಹೊತ್ತು ಕಾಯಿಸುತ್ತದೆ. ಪೂರ್ತಿ ತುಂಬುವವರೆಗೆ ಕಾಯಬೇಕೇ?

ಉತ್ತರ: ಹೆದ್ದಾರಿಯಲ್ಲಿ ಶಕ್ತಿ ಹೆಚ್ಚಾಗಿ ಖರ್ಚಾಗುವುದು ಗಾಳಿಯನ್ನು ಸೀಳುವುದಕ್ಕೆ. ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಗಂಟೆಗೆ 100 ಕಿಲೋಮೀಟರಿನಿಂದ 120ಕ್ಕೆ ಹೋದರೆ ವೇಗ ಹೆಚ್ಚಿದ್ದು ಶೇ. 20, ಗಾಳಿಯ ತಡೆ ಹೆಚ್ಚಿದ್ದು ಶೇ. 44. ನಗರದಲ್ಲಿ ವೇಗ ಕಡಿಮೆ, ಅಲ್ಲದೆ ಬ್ರೇಕ್ ಒತ್ತಿದಾಗ ಮೋಟಾರು ಜನರೇಟರಿನಂತೆ ತಿರುಗಿ ಒಂದಿಷ್ಟು ಶಕ್ತಿಯನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. ಪೆಟ್ರೋಲ್ ಕಾರಿಗೆ ಆ ಸೌಭಾಗ್ಯವಿಲ್ಲ, ನಿಂತಲ್ಲಿಯೂ ಉರಿಯುತ್ತಿರಬೇಕು. ಅದಕ್ಕೇ ಅದರ ನಗರದ ಲೆಕ್ಕ ಕೆಟ್ಟದಾಗಿರುತ್ತಿತ್ತು. ಚಳಿಯಲ್ಲಿ ಇನ್ನೊಂದು ಪೆಟ್ಟು ಬೀಳುತ್ತದೆ: ಎಂಜಿನ್ನಿನ ಪುಕ್ಕಟೆ ಬಿಸಿ ಇಲ್ಲದಿರುವುದರಿಂದ ಕಾರಿನೊಳಗನ್ನು ಬೆಚ್ಚಗಿಡಲೂ ಬ್ಯಾಟರಿಯೇ ಬೇಕು.

ಕೊಡ ತುಂಬಿಸುವಾಗ ನೀರು ಕಂಠಕ್ಕೆ ಬಂದರೆ ನಲ್ಲಿಯನ್ನು ಸಣ್ಣದು ಮಾಡುತ್ತೇವಲ್ಲ, ಚಾರ್ಜಿಂಗ್ ಕೂಡ ಹಾಗೆಯೇ. ಬ್ಯಾಟರಿ ತುಂಬುತ್ತ ಬಂದಂತೆ ಲಿಥಿಯಂ ಅಯಾನುಗಳು ಒಳಗೆ ನೆಲೆಗೊಳ್ಳುವುದು ನಿಧಾನವಾಗುತ್ತದೆ. ಬಲವಂತವಾಗಿ ನುಗ್ಗಿಸಿದರೆ ಅವು ಮೇಲ್ಮೈಯಲ್ಲಿ ಲೋಹವಾಗಿ ಕೂತು ಬ್ಯಾಟರಿಯನ್ನು ಕೆಡಿಸುತ್ತವೆ, ಹಾಗಾಗಿ ಕಾರೇ ಕರೆಂಟನ್ನು ಇಳಿಸುತ್ತದೆ. ಹೀಗಾಗಿ ದೂರದ ಪ್ರಯಾಣದಲ್ಲಿ ಶೇ. 10ರ ಹತ್ತಿರ ಇಳಿದಾಗ ಚಾರ್ಜ್ ಶುರುಮಾಡಿ 80ಕ್ಕೆ ಹೊರಟುಬಿಡುವುದು, ಬೇಕಾದರೆ ಒಂದು ನಿಲುಗಡೆ ಹೆಚ್ಚು ಮಾಡಿಕೊಳ್ಳುವುದು, ಒಟ್ಟು ಸಮಯದಲ್ಲಿ ಲಾಭ.

ಈ ಲೆಕ್ಕ ಹೆಜ್ಜೆಹೆಜ್ಜೆಗೂ ಕೇಂದ್ರಗಳಿರುವ ಹೆದ್ದಾರಿಗೆ ಮಾತ್ರ ಸಲ್ಲುತ್ತದೆ. ಮುಂದಿನ ಕೇಂದ್ರ 200 ಕಿಲೋಮೀಟರ್ ಆಚೆಗಿದ್ದು, ಅಲ್ಲಿ ಇರುವುದು ಒಂದೇ ಚಾರ್ಜರ್ ಆಗಿದ್ದರೆ ನೂರಕ್ಕೆ ನೂರು ತುಂಬಿಸಿಕೊಂಡೇ ಹೊರಡಿ. ಅದು ಕೆಟ್ಟಿರಬಹುದು, ಅಥವಾ ನಿಮ್ಮಂತೆಯೇ ಲೆಕ್ಕ ಹಾಕಿ ಬಂದ ಇನ್ನೊಬ್ಬರು ಅಲ್ಲಿ ಕಾಯುತ್ತಿರಬಹುದು. ಅಂಥ ದಾರಿಯಲ್ಲಿ ಅರ್ಧ ಗಂಟೆ ಉಳಿಸಲು ಹೋಗುವುದು ಜಾಣತನವಲ್ಲ. ಬ್ಯಾಟರಿ ಕಡಿಮೆಯಾಗುತ್ತಿದೆ ಎನಿಸಿದಾಗ ಮೊದಲು ಮಾಡಬೇಕಾದದ್ದು ವೇಗವನ್ನು ತಗ್ಗಿಸುವುದು. ಎಸಿ ಆರಿಸಿ ಬೆವರುತ್ತ ಕೂರುವುದಕ್ಕಿಂತ 120ರಿಂದ 90ಕ್ಕೆ ಇಳಿದರೆ ಸಾಮಾನ್ಯವಾಗಿ ಹೆಚ್ಚು ದೂರ ದಕ್ಕುತ್ತದೆ.

ಪ್ರಶ್ನೆ: ಎಲ್ಲ ದೇಶಗಳಿಗೂ ಆಗುತ್ತದೆ ಎಂಬ ಅಡಾಪ್ಟರ್ ಕೊಂಡೊಯ್ದೆ. ಫೋನಿನ ಚಾರ್ಜರ್ ಚೆನ್ನಾಗಿ ನಡೆಯಿತು, ಹೇರ್ ಡ್ರೈಯರ್ ಮಾತ್ರ ಸುಟ್ಟ ವಾಸನೆ ಬಂದು ನಿಂತಿತು. ಮತ್ತೆ, ಒಂದೇ ಆಕಾರದ ಎರಡು ಟೈಪ್-ಸಿ ಕೇಬಲ್ಲುಗಳಲ್ಲಿ ಒಂದರಲ್ಲಿ ಮಾತ್ರ ಲ್ಯಾಪ್‌ಟಾಪ್ ವೇಗವಾಗಿ ಚಾರ್ಜ್ ಆಗುವುದೇಕೆ?

ಉತ್ತರ: ಅಡಾಪ್ಟರ್ ಪ್ಲಗ್ಗಿನ ಆಕಾರವನ್ನು ಹೊಂದಿಸುತ್ತದೆ, ವೋಲ್ಟೇಜನ್ನು ಬದಲಿಸುವುದಿಲ್ಲ. ಜಗತ್ತಿನ ಪ್ಲಗ್ಗುಗಳನ್ನು ಎ ಯಿಂದ ಓ ವರೆಗೆ 15 ಬಗೆಗಳಾಗಿ ವಿಂಗಡಿಸಿದ್ದಾರೆ, ಆದರೆ ವೋಲ್ಟೇಜಿನಲ್ಲಿ ಸ್ಥೂಲವಾಗಿ ಎರಡೇ ಪಂಗಡ: 100ರಿಂದ 127 ಮತ್ತು 220ರಿಂದ 240. ಚಾರ್ಜರಿನ ಮೇಲೆ ‘100–240’ ಎಂದಿದ್ದರೆ ಎಲ್ಲಿಯಾದರೂ ನಡೆಯುತ್ತದೆ. ಬಿಸಿ ಮಾಡುವ ಉಪಕರಣಗಳಲ್ಲಿ ಒಂದೇ ವೋಲ್ಟೇಜ್ ಬರೆದಿರುವುದು ಸಾಮಾನ್ಯ. 120ರದನ್ನು 240ಕ್ಕೆ ಸಿಕ್ಕಿಸಿದರೆ ಅದು ನಾಲ್ಕು ಪಟ್ಟು ಶಕ್ತಿಯನ್ನು ಎಳೆಯಲು ಹೋಗಿ ಸುಡುತ್ತದೆ. ಅದನ್ನು ಮನೆಯಲ್ಲಿಯೇ ಬಿಟ್ಟುಹೋಗಿ. ಕೇಬಲ್ಲಿನ ವಿಷಯ: ಸಾಧಾರಣ ಟೈಪ್-ಸಿ ಕೇಬಲ್ 3 ಆಂಪಿಯರ್, ಅಂದರೆ 60 ವ್ಯಾಟ್ ವರೆಗೆ ಸಾಗಿಸುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ಕೇಬಲ್ಲಿನ ತುದಿಯೊಳಗೆ ಅದರ ಸಾಮರ್ಥ್ಯವನ್ನು ಹೇಳುವ ಪುಟ್ಟ ಚಿಪ್ಪಿರಬೇಕು. 2021ರಲ್ಲಿ ಬಂದ ನಿಯಮಾವಳಿಯಲ್ಲಿ ಅಂಥ ಕೇಬಲ್ಲುಗಳಿಗೆ 240 ವ್ಯಾಟ್ ವರೆಗೆ ಅವಕಾಶವಿದೆ. ಚಿಪ್ಪು ಕಾಣದಿದ್ದರೆ ಚಾರ್ಜರು ಕೈಹಿಡಿದುಕೊಂಡೇ ಕೊಡುತ್ತದೆ. ಒಳ್ಳೆಯ ಕೇಬಲ್ಲಿಗೆ ಬಣ್ಣದ ದಾರ ಕಟ್ಟಿಟ್ಟುಕೊಳ್ಳಿ, ಹೋಟೆಲಿನ ಮಬ್ಬು ಬೆಳಕಿನಲ್ಲಿ ಸಣ್ಣ ಅಕ್ಷರಗಳು ಕಾಣುವುದಿಲ್ಲ.

ಪ್ರಶ್ನೆ: ನನ್ನ ಪೆಟ್ಟಿಗೆ ಬರಲಿಲ್ಲ. ಒಳಗಿಟ್ಟಿದ್ದ ಬ್ಲೂಟೂತ್ ಟ್ಯಾಗ್ ಅದು ಹಿಂದಿನ ನಿಲ್ದಾಣದಲ್ಲಿದೆ ಎಂದು ತೋರಿಸಿತು, ಕೌಂಟರಿನವರು ಎಲ್ಲಿದೆಯೋ ಗೊತ್ತಿಲ್ಲ ಎಂದರು. ಎರಡು ದಿನ ಟ್ಯಾಗ್ ಅದೇ ಜಾಗವನ್ನು ತೋರಿಸಿತು, ಪೆಟ್ಟಿಗೆ ಮಾತ್ರ ಮೂರನೆಯ ದಿನ ಬೇರೆಯೇ ಊರಿನಿಂದ ಬಂತು. ಇಂಥ ಟ್ಯಾಗಿನಿಂದ ಪ್ರಯೋಜನವೇನು?

ಉತ್ತರ: ಆ ಟ್ಯಾಗಿಗೆ ತಾನೆಲ್ಲಿದ್ದೇನೆಂದು ಗೊತ್ತಿರುವುದಿಲ್ಲ. ಅದು ಬ್ಲೂಟೂತ್‌ನಲ್ಲಿ ಸಣ್ಣ ದನಿಯಲ್ಲಿ ತನ್ನ ಗುರುತನ್ನು ಹೇಳುತ್ತಿರುತ್ತದೆ, ಹತ್ತಿರ ಹಾದುಹೋಗುವ ಯಾರದೋ ಫೋನು ಅದನ್ನು ಕೇಳಿಸಿಕೊಂಡು ತನ್ನ ಜಾಗವನ್ನು ಸರ್ವರಿಗೆ ತಿಳಿಸುತ್ತದೆ. ಉಗ್ರಾಣದ ಮೂಲೆಯಲ್ಲಿ, ಸರಕಿನ ಡಬ್ಬದೊಳಗೆ, ಫೋನುಗಳು ಸುಳಿಯದ ಕಡೆ ಇದ್ದರೆ ನಿಮಗೆ ಕಾಣುವುದು ಕೊನೆಯ ಬಾರಿ ಕೇಳಿಸಿದ ಜಾಗ. ಆದ್ದರಿಂದ ಪರದೆಯಲ್ಲಿ ಜಾಗದ ಜೊತೆಗೆ ಅದು ಎಷ್ಟು ಹೊತ್ತಿನ ಹಿಂದಿನದು ಎಂಬುದನ್ನೂ ಓದಬೇಕು. ಹಾಗೆಂದು ಅದು ನಿಷ್ಪ್ರಯೋಜಕವಲ್ಲ. ಪೆಟ್ಟಿಗೆ ವಿಮಾನವನ್ನೇ ಹತ್ತಿಲ್ಲ ಎಂಬುದು ಇಳಿದ ಕ್ಷಣವೇ ಗೊತ್ತಾದರೆ ಬೆಲ್ಟಿನ ಮುಂದೆ ಒಂದು ಗಂಟೆ ಕಾಯುವುದು ತಪ್ಪುತ್ತದೆ, ದೂರಿನ ಸಾಲಿನಲ್ಲಿ ಮೊದಲಿಗರಾಗಿ ನಿಲ್ಲಬಹುದು. ಅದರ ನಾಣ್ಯದಂಥ ಬ್ಯಾಟರಿಯಲ್ಲಿ ಲಿಥಿಯಂ ಅತ್ಯಲ್ಪವಾಗಿರುವುದರಿಂದ ಚೆಕ್-ಇನ್ ಪೆಟ್ಟಿಗೆಯಲ್ಲಿ ಇಡುವುದಕ್ಕೂ ಅಡ್ಡಿಯಿಲ್ಲ.

ಆದರೆ ಪೆಟ್ಟಿಗೆಯನ್ನು ತರಿಸುವುದು ಟ್ಯಾಗಲ್ಲ, ದೂರಿನ ದಾಖಲೆ. ನಿಲ್ದಾಣ ಬಿಡುವ ಮೊದಲೇ ದೂರು ಬರೆಸಿ, ಅದರ ಸಂಖ್ಯೆ ಪಡೆದುಕೊಳ್ಳಿ; ಬೋರ್ಡಿಂಗ್ ಪಾಸಿಗೆ ಅಂಟಿಸಿಕೊಟ್ಟ ಪೆಟ್ಟಿಗೆಯ ಚೀಟಿಯನ್ನು ಎಸೆಯಬೇಡಿ. 1999ರ ಮಾಂಟ್ರಿಯಲ್ ಒಪ್ಪಂದ ಅನ್ವಯಿಸುವ ಅಂತರರಾಷ್ಟ್ರೀಯ ಪ್ರಯಾಣದಲ್ಲಿ, ಪೆಟ್ಟಿಗೆ ಜಖಂ ಆಗಿದ್ದರೆ ಕೈಗೆ ಬಂದ 7 ದಿನಗಳೊಳಗೆ, ತಡವಾಗಿ ಬಂದಿದ್ದರೆ ಕೈಗೆ ಬಂದ 21 ದಿನಗಳೊಳಗೆ ಬರವಣಿಗೆಯಲ್ಲಿ ದೂರು ಕೊಡಬೇಕು; ನಿಮ್ಮದು ಮೂರನೆಯ ದಿನ ಬಂದಿರುವುದರಿಂದ, ಆ ಮೂರು ದಿನ ಅನಿವಾರ್ಯವಾಗಿ ಕೊಂಡ ಬಟ್ಟೆಬರೆಗಳ ರಸೀದಿಗಳಿದ್ದರೆ ಈಗಲೇ ಕಳಿಸಿ. ಮುಂದಿನ ಸಲ ಪೆಟ್ಟಿಗೆಯ ಒಳಗೆ, ಬಟ್ಟೆಗಳ ಮೇಲೆಯೇ ಕಾಣುವಂತೆ, ನಿಮ್ಮ ಹೆಸರು, ಫೋನ್ ನಂಬರು ಮತ್ತು ಇಮೇಲ್ ವಿಳಾಸ ಬರೆದ ಕಾಗದವನ್ನೂ ಇಡಿ. ಹೊರಗಿನ ಚೀಟಿ ಕಿತ್ತುಹೋದಾಗ ಸಿಬ್ಬಂದಿ ಪೆಟ್ಟಿಗೆಯನ್ನು ತೆರೆದು ಹುಡುಕುವುದು ಅದನ್ನೇ.